ಕೂಗಿದ್ದು ನೆಲವೋ, ತಂತಿಯೋ?

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಮೇಷ್ಟ್ರ ಉಂಗುರ ಕಳೆದುಹೋಯಿತು. ಹೊರ ಬೆಂಗಳೂರಿನ ವರ್ತೂರಿನಿಂದ ಗುಂಜೂರಿನ ಕಡೆ ಹೋಗುವ ದಾರಿಯಲ್ಲಿ ಅವರದೊಂದು 30-40ರ ಸೈಟಿದೆ. ಮನೆ ಕಟ್ಟಿಲ್ಲ. ನಾಲ್ಕು ಮಡಿ ದಂಟು, ಎರಡು ನುಗ್ಗೆ, ಒಂದು ಕರಿಬೇವು. ಮಡಿಗೆ ಗೊಬ್ಬರ ಬೆರೆಸುವಾಗ ಉಂಗುರ ಜಾರಿದ್ದು ಗೊತ್ತಾದದ್ದು ಮನೆಗೆ ಬಂದು ಊಟಕ್ಕೆ ಕೂತ ಮೇಲೆ. ಮದುವೆಯಲ್ಲಿ ಮಾವ ಹಾಕಿದ ಉಂಗುರ, ಹೋದರೆ ಹೋಗಲಿ ಅನ್ನುವಂಥದ್ದಲ್ಲ. “ನಿನ್ನ ಹತ್ರ ಆ ಮಿಷನ್ ಇದೆಯಲ್ಲಪ್ಪ, ಒಂಚೂರು ಬಂದು ಆಡಿಸು” ಅಂದರು.

ಹೋದೆ. ಮೆಟಲ್ ಡಿಟೆಕ್ಟರ್ ಆನ್ ಮಾಡಿದ ಕ್ಷಣದಿಂದ ಅದಕ್ಕೆ ಹುಚ್ಚು ಹಿಡಿದಂತಾಯಿತು. ಸೈಟಿನ ಅಂಚಿಗೇ ಕಂಬದ ಸಾಲು. ಮೇಲೆ 11 ಕೆ.ವಿ. ಲೈನು, ಕೆಳಗೆ ಮನೆಗಳಿಗೆ ಹೋಗುವ ಎಲ್‌ಟಿ ತಂತಿ, ಮೂಲೆಯಲ್ಲಿ ಗುಂಯ್‌ಗುಡುವ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಎಲ್ಲವನ್ನೂ ಕಂಡಿದ್ದೆ, ಆದರೆ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಕೂಗಿದಲ್ಲೆಲ್ಲ ಅಗೆದೆ. ಎರಡು ಗಂಟೆಯಲ್ಲಿ ಸಿಕ್ಕಿದ್ದು ಮೂರು ಮೊಳೆ, ಒಂದು ಹಿಡಿ ಬೈಂಡಿಂಗ್ ವೈರು, ಸೋಡಾ ಬಾಟಲಿಯ ಮುಚ್ಚಳ. ಉಳಿದ ಗುಂಡಿಗಳಲ್ಲಿ ಬರೀ ಮಣ್ಣು. “ಸಾಕು ಬಿಡಣ್ಣ, ದಂಟೆಲ್ಲ ಬುಡಮೇಲಾಯ್ತು” ಎಂದು ಮೇಷ್ಟ್ರ ಮಗಳು ಮೆಲ್ಲಗೆ ಹೇಳಿದಾಗ ನಾಚಿಕೆಯಾಗಿ ಮನೆಗೆ ಬಂದೆ.

ಮುಂದಿನ ವಾರ ಲೈನಿನ ಕೆಲಸಕ್ಕೆಂದು ಬೆಳಗ್ಗೆ 10ಕ್ಕೇ ಕರೆಂಟ್ ತೆಗೆದಿದ್ದರು. ಆ ಹೊತ್ತಿಗೆ ಮತ್ತೆ ಹೋದೆ. ಅದೇ ಮಿಷನ್, ಅದೇ ಮಡಿ, ಈ ಸಲ ಸದ್ದೇ ಇಲ್ಲ. 20 ನಿಮಿಷದಲ್ಲಿ ಕರಿಬೇವಿನ ಬುಡದ ಹತ್ತಿರ, ನಾನೇ ಅಗೆದು ಮುಚ್ಚಿದ್ದ ಗುಂಡಿಯಿಂದ ಒಂದು ಗೇಣು ಆಚೆ, ಉಂಗುರ ಸಿಕ್ಕಿತು. ಮೊದಲ ದಿನ ಅದರ ಮೇಲೆಯೇ ಡಿಟೆಕ್ಟರ್ ಆಡಿಸಿದ್ದೆನೇನೋ. ಅಷ್ಟು ಗಲಾಟೆಯಲ್ಲಿ ಉಂಗುರದ ದನಿ ಕೇಳುವುದು ಹೇಗೆ?

ಅಂದಿನಿಂದ ನಾನು ಪಾಲಿಸುವ ಮೊದಲ ನಿಯಮ ಇಷ್ಟೇ: ಡಿಟೆಕ್ಟರ್ ಕೂಗಿದರೆ ಅಗೆಯುವ ಮುನ್ನ ಯಾರು ಕೂಗಿಸಿದ್ದು ಅಂತ ಕೇಳಬೇಕು. ಮೂವರಲ್ಲಿ ಒಬ್ಬರು. ಲೋಹ, ಮಣ್ಣು ಅಥವಾ ತಂತಿ.

ಈ ಯಂತ್ರ ಯಾರಿಗೆ ಬೇಕು ಅಂತ ಕೇಳುವವರಿದ್ದಾರೆ. ವರ್ತೂರು, ಬಳಗೆರೆ, ಪಣತ್ತೂರು, ವೈಟ್‌ಫೀಲ್ಡ್ ಸುತ್ತಮುತ್ತ ನಾನು ಕಂಡಂತೆ ಉಪಯೋಗ ಬೇಕಾದಷ್ಟಿದೆ. ರಸ್ತೆಗೆ ಡಾಂಬರು ಹಾಕುವಾಗ ಮುಚ್ಚಿಹೋದ ನೀರಿನ ವಾಲ್ವಿನ ಚೇಂಬರ್ ಹುಡುಕುವುದು, ಸರ್ವೆಯವರು ಹೊಡೆದ ಕಬ್ಬಿಣದ ಗೂಟ ಪತ್ತೆ ಮಾಡುವುದು, ಡೆಬ್ರಿಸ್ ತುಂಬಿದ ಸೈಟಿನಲ್ಲಿ ಗಿಡ ನೆಡುವ ಮುಂಚೆ ಮೊಳೆ-ಸರಳು ಹೆಕ್ಕುವುದು, ಅಪಾರ್ಟ್‌ಮೆಂಟಿನ ಹುಲ್ಲುಹಾಸಿನಲ್ಲಿ ಬಿದ್ದ ಸರ, ಓಲೆ, ಬೀಗದ ಕೈ. ಇವೆಲ್ಲ ಮರ್ಯಾದಸ್ಥ ಕೆಲಸ.

ಮರ್ಯಾದೆ ಇಲ್ಲದ ಕೆಲಸವೂ ಒಂದಿದೆ, ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಈ ಮಿಷನ್ ಕೈಯಲ್ಲಿ ಕಂಡರೆ ಸಾಕು, ಜನ ಪಿಸುಗುಡುವುದು ನಿಧಿಯ ಬಗ್ಗೆಯೇ. ಬೆಂಗಳೂರಿನ ನೆಲದಲ್ಲಿ ಹಳೆಯ ನಾಣ್ಯ ಸಿಕ್ಕಿರುವುದು ಸುಳ್ಳಲ್ಲ. 1891ರಲ್ಲಿ ಯಶವಂತಪುರದಲ್ಲಿ 163, 1965ರಲ್ಲಿ ಎಚ್ಎಎಲ್ ಪ್ರದೇಶದಲ್ಲಿ 256 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಎಚ್ಎಎಲ್ ನಮ್ಮೂರಿಗೆ ದೂರವೇನಲ್ಲ. ಆದರೆ ಅವು ಸಿಕ್ಕಿದ್ದು ಬೇರೆ ಕೆಲಸಕ್ಕೆ ನೆಲ ಅಗೆದವರಿಗೆ, ನಿಧಿ ಹುಡುಕಿ ಹೊರಟವರಿಗಲ್ಲ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ನಮ್ಮ ರಾಜ್ಯಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಗುದ್ದಲಿ ಇಡುವ ಮಾತೇ ಇಲ್ಲ. ಕೆರೆಯಂಗಳ, ದೇವಸ್ಥಾನದ ಜಾಗ, ಗೋಮಾಳ ಯಾವುದೂ ನಮ್ಮಪ್ಪನ ಮನೆಯದಲ್ಲ. ಅನುಮತಿ ಕೊಟ್ಟವರ ಜಾಗದಲ್ಲಿ, ಕಳೆದುಕೊಂಡವರ ವಸ್ತುವನ್ನು ಮಾತ್ರ ಹುಡುಕಿ.

ಇನ್ನು ತಂತಿಯ ವಿಷಯ.

ಡಿಟೆಕ್ಟರಿನ ತಳದಲ್ಲಿರುವ ತಟ್ಟೆಯನ್ನು ಕಾಯಿಲ್ ಅನ್ನುತ್ತೇವೆ. ಅದರೊಳಗೆ ಎರಡು ಸುರುಳಿಗಳಿವೆ. ಒಂದು ಸುರುಳಿಯಲ್ಲಿ ವಿದ್ಯುತ್ ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಓಡಿ, ನೆಲದೊಳಗೆ ಅಲುಗಾಡುವ ಕಾಂತಕ್ಷೇತ್ರ ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಪುಟ್ಟ ಪುಟ್ಟ ವಿದ್ಯುತ್ ಸುಳಿಗಳು ಹುಟ್ಟುತ್ತವೆ. ಆ ಸುಳಿಗಳು ತಮ್ಮದೇ ಕ್ಷೀಣ ಕ್ಷೇತ್ರವನ್ನು ಮೇಲಕ್ಕೆ ಕಳಿಸುತ್ತವೆ. ಎರಡನೆಯ ಸುರುಳಿಯ ಕೆಲಸ ಅದನ್ನು ಕೇಳಿಸಿಕೊಳ್ಳುವುದು. ಗೇಣುದ್ದ ಆಳದ ಉಂಗುರದಿಂದ ಬರುವ ಉತ್ತರ ಎಷ್ಟು ಸಣ್ಣದೆಂದರೆ, ಅದನ್ನು ಹಿಡಿಯಲು ಯಂತ್ರ ತನ್ನ ಕಿವಿಯನ್ನು ಬಹಳ ಚುರುಕಾಗಿಟ್ಟುಕೊಳ್ಳಬೇಕಾಗುತ್ತದೆ. ಚುರುಕು ಕಿವಿಗೆ ಸಂತೆಯ ಗದ್ದಲವೂ ಅಷ್ಟೇ ಚೆನ್ನಾಗಿ ಕೇಳುತ್ತದೆ ಅನ್ನುವುದೇ ತೊಂದರೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಮೇಷ್ಟ್ರೇ ಕೇಳಿದರು: “ಲೈನಿನ ಕರೆಂಟ್ ಸೆಕೆಂಡಿಗೆ 50 ಸಲ. ನಿನ್ನ ಮಿಷನ್ನು 12,000 ಸಲ ಅಂತೀಯ. ಇದಕ್ಕೂ ಅದಕ್ಕೂ ಏನಪ್ಪ ಸಂಬಂಧ?” ಒಳ್ಳೆಯ ಪ್ರಶ್ನೆ. ಶುದ್ಧವಾದ 50 ಹರ್ಟ್ಸ್ ಮಾತ್ರ ಇದ್ದಿದ್ದರೆ ಸಾಮಾನ್ಯ ಡಿಟೆಕ್ಟರ್ ಅದನ್ನು ಸೋಸಿ ಬಿಸಾಡುತ್ತಿತ್ತು. ತಂತಿಯಲ್ಲಿ ಹರಿಯುವುದು ಶುದ್ಧ ವಿದ್ಯುತ್ತಲ್ಲ. ಎಲ್ಇಡಿ ಬಲ್ಬಿನ ಡ್ರೈವರ್, ಕಂಪ್ಯೂಟರಿನ ಪವರ್ ಸಪ್ಲೈ, ಯುಪಿಎಸ್, ಲಿಫ್ಟಿನ ಮೋಟಾರು ಓಡಿಸುವ ಡ್ರೈವ್, ಎ.ಸಿ.ಯ ಇನ್ವರ್ಟರ್, ಇವೆಲ್ಲ ವಿದ್ಯುತ್ತನ್ನು ನಯವಾಗಿ ಹೀರುವುದಿಲ್ಲ, ಕತ್ತರಿಸಿ ಕತ್ತರಿಸಿ ತಿನ್ನುತ್ತವೆ. ಹಾಗೆ ಕತ್ತರಿಸಿದಾಗ 50ರ ಗುಣಕಗಳೆಲ್ಲ ಹುಟ್ಟುತ್ತವೆ. 100, 150, 200, ಹೀಗೆ ಸಾವಿರಗಳವರೆಗೆ, ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ. ಐಟಿ ಪಾರ್ಕು, ಸಾವಿರ ಫ್ಲ್ಯಾಟಿನ ಸಮುಚ್ಚಯ, ಸಣ್ಣ ಕಾರ್ಖಾನೆಗಳು ಒಂದೇ ಕಡೆ ಒತ್ತರಿಸಿಕೊಂಡಿರುವ ನಮ್ಮ ಈ ಪಟ್ಟಿಯಲ್ಲಿ ಆ ಬಾಚಣಿಗೆಗೆ ಹಲ್ಲು ಜಾಸ್ತಿ. ರಾಗಿ ಹೊಲದ ಕಾಲದ ವರ್ತೂರಿನಲ್ಲಿ ತಂತಿಯಿದ್ದರೂ ಇಷ್ಟು ಗದ್ದಲ ಇರುತ್ತಿರಲಿಲ್ಲ.

12,000 ಅಂದರೆ 50ರ 240 ಪಟ್ಟು. ಪೆಟ್ಟಿಗೆಯ ಮೇಲೆ 12 ಕಿಲೋಹರ್ಟ್ಸ್ ಅಂತ ಬರೆದ ಯಂತ್ರ ಸರಿಯಾಗಿ ಒಂದು ಹಲ್ಲಿನ ತುದಿಯಲ್ಲೇ ಕೂತಿರುತ್ತದೆ. ಆಗ ಆ ಹಲ್ಲಿಗೂ ಯಂತ್ರದ ಸ್ವಂತ ದನಿಗೂ ಇರುವ ವ್ಯತ್ಯಾಸ ಸೆಕೆಂಡಿಗೆ ಕೆಲವೇ ಸಲದಷ್ಟು. ಕಾಯಿಲ್ ಉಂಗುರದ ಮೇಲೆ ಹಾದುಹೋಗುವಾಗ ಹುಟ್ಟುವ ಏರಿಳಿತವೂ ಅಷ್ಟೇ ನಿಧಾನದ್ದು. ಯಂತ್ರ ಮೋಸ ಹೋಗುವುದು ಇಲ್ಲಿ.

ಇದರ ಮೇಲೆ ಇನ್ನೊಂದು ಸ್ವಾರಸ್ಯವಿದೆ. ನಮ್ಮ ದೇಶದ ಗ್ರಿಡ್ ಯಾವಾಗಲೂ ಕರಾರುವಾಕ್ಕಾಗಿ 50ರಲ್ಲಿ ನಿಲ್ಲುವುದಿಲ್ಲ. ಗ್ರಿಡ್ ಸಂಹಿತೆ ಒಪ್ಪುವ ಪಟ್ಟಿ 49.90ರಿಂದ 50.05 ಹರ್ಟ್ಸ್. ಬೇಡಿಕೆ ಏರಿದಾಗ ಇಳಿಯುತ್ತದೆ, ಬೇಡಿಕೆ ತಗ್ಗಿದಾಗ ಏರುತ್ತದೆ. 50ರಲ್ಲಿ 0.1ರಷ್ಟು ಸರಿದರೆ 240ನೆಯ ಹಲ್ಲು 24 ಹರ್ಟ್ಸ್ ಸರಿಯುತ್ತದೆ. ಬೆಳಗ್ಗೆ ಸರಿ ಮಾಡಿಕೊಂಡ ಯಂತ್ರ ಅರ್ಧ ಗಂಟೆಯಲ್ಲಿ ಮತ್ತೆ ಕಿರುಚತೊಡಗಿದರೆ ಅದು ಕೆಟ್ಟಿದೆ ಅಂದುಕೊಳ್ಳಬೇಡಿ. ಎಲ್ಲೋ ದೂರದಲ್ಲಿ ದೇಶದ ಪಂಪು, ಎ.ಸಿ.ಗಳೆಲ್ಲ ಸೇರಿ ಹಲ್ಲನ್ನು ನಿಮ್ಮ ಕಡೆ ತಳ್ಳಿವೆ, ಅಷ್ಟೇ.

ಇದರ ಜೊತೆಗೆ ಕಿಡಿಯ ಸದ್ದು. ಬಿರುಕು ಬಿಟ್ಟ ಪಿಂಗಾಣಿ ಇನ್ಸುಲೇಟರ್, ಸಡಿಲವಾದ ಜಂಪರ್, ತಂತಿಗೆ ತಾಗುವ ಕೊಂಬೆ, ಇಲ್ಲೆಲ್ಲ ಕಣ್ಣಿಗೆ ಕಾಣದಷ್ಟು ಚಿಕ್ಕ ಕಿಡಿಗಳು ಹಾರುತ್ತಿರುತ್ತವೆ. ಕಿಡಿ ಅಂದರೆ ಎಲ್ಲ ತರಂಗಾಂತರಗಳಲ್ಲೂ ಒಂದೇ ಸಲ ಕೂಗುವ ಸದ್ದು. ಕಟ್ಟಡ ಕೆಲಸದ ಧೂಳು ಇನ್ಸುಲೇಟರಿನ ಮೇಲೆ ಕೂತು, ಅದರ ಮೇಲೆ ಮಂಜೋ ತುಂತುರು ಮಳೆಯೋ ಬಿದ್ದ ಬೆಳಗ್ಗೆ ಇದು ಜೋರು. ಒಂದು ಒಳ್ಳೆಯ ಮಳೆ ಬಂದು ಧೂಳು ತೊಳೆದುಹೋದ ಮೇಲೆ ಎಷ್ಟೋ ವಾಸಿ.

ಹಾಗಾದರೆ ಕೂಗಿದ್ದು ಯಾರು ಅಂತ ಪತ್ತೆ ಮಾಡುವುದು ಹೇಗೆ? ಬಹಳ ಸುಲಭ, ಖರ್ಚಿಲ್ಲದ ಪರೀಕ್ಷೆ. ಕಾಯಿಲನ್ನು ಸೊಂಟದ ಎತ್ತರಕ್ಕೆ ಎತ್ತಿ, ನೆಲಕ್ಕೆ ಸಮನಾಗಿ ಹಿಡಿದು, ಅಲ್ಲಾಡದೆ ಹತ್ತು ಸೆಕೆಂಡ್ ನಿಲ್ಲಿ. ಶೂವಿನ ಕಬ್ಬಿಣ, ಬೆಲ್ಟಿನ ಬಕಲ್, ಜೇಬಿನ ಬೀಗದ ಕೈ ಹತ್ತಿರ ಬರದಂತೆ ನೋಡಿಕೊಳ್ಳಿ. ಆಗಲೂ ಕೂಗುತ್ತಿದ್ದರೆ ಅದು ನೆಲವಲ್ಲ, ಹೆಚ್ಚಾಗಿ ಗಾಳಿಯಲ್ಲಿ ಬರುತ್ತಿರುವ ಸದ್ದು. ಈಗ ಕಾಯಿಲನ್ನು ನಿಧಾನ ಓರೆ ಮಾಡಿ, ನೆಟ್ಟಗೆ ನಿಲ್ಲಿಸಿ. ಸದ್ದು ಏರಿ ಇಳಿದರೆ ಹೊರಗಿನ ತಂತಿಯದೇ ಚೇಷ್ಟೆ. ಹೇಗೆ ತಿರುಗಿಸಿದರೂ ಒಂದೇ ಸಮ ಕೂಗಿದರೆ ಯಂತ್ರದ ಕೇಬಲ್ ಸಡಿಲವಾಗಿದೆಯೋ, ಬ್ಯಾಟರಿ ಬಿದ್ದಿದೆಯೋ ನೋಡಿ. ನಿಂತಾಗ ತೆಪ್ಪಗಿದ್ದು ನೆಲದ ಹತ್ತಿರ ಮೇಲೆ ಕೆಳಗೆ ಆಡಿಸಿದಾಗ ಮಾತ್ರ ಗುನುಗಿದರೆ ಮಣ್ಣಿನ ಗುಣ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ದನಿಯನ್ನು ಯಂತ್ರ ಲೆಕ್ಕಕ್ಕೆ ಹಿಡಿಯದಂತೆ ಹೊಂದಿಸುವುದು, ಮಾಡಿಕೊಳ್ಳಲೇಬೇಕು. ಇನ್ನು ನಿಜವಾದ ಲೋಹ: ಎಡದಿಂದ ಬಂದರೂ ಬಲದಿಂದ ಬಂದರೂ, ಆಮೇಲೆ 90 ಡಿಗ್ರಿ ತಿರುಗಿ ಅಡ್ಡ ಆಡಿಸಿದರೂ, ಅದೇ ಜಾಗದಲ್ಲಿ ಅದೇ ದನಿ. ತಂತಿಯ ದನಿಗೆ ವಿಳಾಸ ಇರುವುದಿಲ್ಲ.

ಆ ಮೊದಲ ದಿನ ಈ ಹತ್ತು ಸೆಕೆಂಡ್ ನಿಂತಿದ್ದರೆ ಮೇಷ್ಟ್ರ ದಂಟು ಉಳಿಯುತ್ತಿತ್ತು.

ತಂತಿಯ ಚೇಷ್ಟೆ ಅಂತ ಖಚಿತವಾದ ಮೇಲೆ ಮೊದಲು ಮುಟ್ಟಬೇಕಾದದ್ದು ಸೆನ್ಸಿಟಿವಿಟಿ. ಜನ ಇದನ್ನು ತಗ್ಗಿಸಲು ಹೆದರುತ್ತಾರೆ, ಆಳ ಕಡಿಮೆಯಾಗುತ್ತದೆ ಅಂತ. ಲೆಕ್ಕ ಮಾಡಿದರೆ ಆ ಹೆದರಿಕೆಗೆ ಆಧಾರ ಸಾಲದು. ಕಾಯಿಲಿನ ಅಳತೆಗೆ ಹೋಲಿಸಿದರೆ ಆಳದಲ್ಲಿರುವ ಸಣ್ಣ ವಸ್ತುವಿನ ಉತ್ತರ ಆಳದ ಆರನೇ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ. ಅಂದರೆ ಯಂತ್ರದ ಕಿವಿಯನ್ನು ಅರ್ಧಕ್ಕೆ ಇಳಿಸಿದರೂ 10 ಅಂಗುಲ ನೋಡುತ್ತಿದ್ದದ್ದು ಸುಮಾರು 9 ಅಂಗುಲವಾದರೂ ನೋಡುತ್ತದೆ. ಗದ್ದಲವೋ ನೇರವಾಗಿ ಅರ್ಧಕ್ಕೆ ಇಳಿಯುತ್ತದೆ. ಒಂದಂಗುಲ ಕೊಟ್ಟು ಅರ್ಧ ಗದ್ದಲ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭದ ವ್ಯಾಪಾರ. ಎಲ್ಲ ಯಂತ್ರಗಳ ಗುಂಡಿಯ ಅಂಕಿ ಇದಕ್ಕೆ ಸರಿಯಾಗಿ ಹೊಂದಲಿಕ್ಕಿಲ್ಲ. ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬನ್ನಿ, ನಿಂತ ಪರೀಕ್ಷೆಯಲ್ಲಿ ಮೌನ ಬಂದಲ್ಲಿ ನಿಲ್ಲಿಸಿ.

ಆಮೇಲೆ ತರಂಗಾಂತರ. ಬಹುತೇಕ ಹೊಸ ಯಂತ್ರಗಳಲ್ಲಿ ನಾಯ್ಸ್ ಕ್ಯಾನ್ಸಲ್ ಅಥವಾ ಫ್ರೀಕ್ವೆನ್ಸಿ ಶಿಫ್ಟ್ ಅನ್ನುವ ಒಂದು ಸೌಲಭ್ಯ ಇರುತ್ತದೆ. ಅದು ಮಾಡುವುದು ಇಷ್ಟೇ: ತನ್ನ ದನಿಯನ್ನು ಒಂಚೂರು ಅತ್ತಿತ್ತ ಸರಿಸಿ, ಬಾಚಣಿಗೆಯ ಎರಡು ಹಲ್ಲುಗಳ ನಡುವಿನ ಸಂದಿಯಲ್ಲಿ ಕೂರುವುದು. ಇದನ್ನು ಮಾಡುವಾಗ ಕಾಯಿಲ್ ಅಲ್ಲಾಡಬಾರದು, ಕೆಳಗೆ ಲೋಹ ಇರಬಾರದು. ಹುಡುಕುವ ಜಾಗದಲ್ಲೇ ಮಾಡಬೇಕು, ಮನೆಯಲ್ಲಿ ಮಾಡಿಕೊಂಡು ಹೋದರೆ ಪ್ರಯೋಜನವಿಲ್ಲ. ಗ್ರಿಡ್ ಅಲೆಯುತ್ತಿರುವುದರಿಂದ ಅರ್ಧ ಗಂಟೆಗೊಮ್ಮೆ ಮತ್ತೆ ಮಾಡಿ. ಹಲವು ತರಂಗಾಂತರದ ಯಂತ್ರವಾದರೆ ಒಂದೇ ತರಂಗಾಂತರಕ್ಕೆ ಬದಲಿಸಿ ನೋಡಿ. ಏಕಕಾಲಕ್ಕೆ ಹತ್ತು ಕಡೆ ಕಿವಿ ಕೊಡುವವನಿಗಿಂತ ಒಂದೇ ಕಡೆ ಕಿವಿ ಕೊಡುವವನಿಗೆ ಗದ್ದಲ ಕಡಿಮೆ ಅನ್ನಿಸುವುದು ಇಲ್ಲೂ ಉಂಟು.

ಕಾಯಿಲ್ ಚಿಕ್ಕದಾದಷ್ಟೂ ಹೊರಗಿನ ಸದ್ದು ಕಡಿಮೆ ಹಿಡಿಯುತ್ತದೆ. 11 ಅಂಗುಲದ ಬದಲು 6 ಅಂಗುಲದ್ದು ಹಾಕಿದರೆ ವಿಸ್ತೀರ್ಣ ಸುಮಾರು ಶೇಕಡ 30ಕ್ಕೆ ಇಳಿಯುತ್ತದೆ. ಕಳೆದ ವಸ್ತು ಹೆಚ್ಚಾಗಿ ಎರಡು-ಮೂರು ಅಂಗುಲದೊಳಗೇ ಇರುವುದರಿಂದ ನಮ್ಮಂಥವರಿಗೆ ಚಿಕ್ಕ ಕಾಯಿಲೇ ವಾಸಿ. ಬೈಂಡಿಂಗ್ ವೈರಿನ ಚೂರುಗಳ ನಡುವೆ ಉಂಗುರವನ್ನು ಬೇರೆ ಮಾಡಿ ತೋರಿಸುವುದೂ ಅದೇ. ಕಾಯಿಲಿನ ಕೇಬಲನ್ನು ಕೋಲಿಗೆ ಬಿಗಿಯಾಗಿ ಸುತ್ತಿಕೊಳ್ಳಿ, ನೇತಾಡುವ ಕೇಬಲ್ ತಾನೇ ಒಂದು ಆಂಟೆನಾ. ಮೊಬೈಲು, ಸ್ಮಾರ್ಟ್ ವಾಚು, ಪವರ್ ಬ್ಯಾಂಕು ಜೇಬಿನಲ್ಲಿ ಬೇಡ, ಚೀಲದಲ್ಲಿಟ್ಟು ದೂರವಿಡಿ. ಇನ್ನೊಬ್ಬರೂ ಡಿಟೆಕ್ಟರ್ ತಂದಿದ್ದರೆ ಹತ್ತು ಹದಿನೈದು ಹೆಜ್ಜೆ ಅಂತರವಿರಲಿ.

ಕೊಳ್ಳುವವರಿಗೆ ಒಂದು ಮಾತು. ಪಲ್ಸ್ ಇಂಡಕ್ಷನ್ ಎಂಬ ಬಗೆಯ ಯಂತ್ರಗಳು ಆಳಕ್ಕೆ ಹೆಸರಾದವು, ಅಂಗಡಿಯವರೂ ಹಾಗೇ ಹೊಗಳುತ್ತಾರೆ. ಅವು ಒಂದು ತರಂಗಾಂತರಕ್ಕೆ ಕಿವಿ ಕೊಡುವುದಿಲ್ಲ, ಒಂದೊಂದು ಬಡಿತದ ನಂತರ ಬಂದದ್ದನ್ನೆಲ್ಲ ಕೇಳಿಸಿಕೊಳ್ಳುತ್ತವೆ. 50 ಹರ್ಟ್ಸೂ ಅದರೊಳಗೆ ನೇರವಾಗಿ ನುಗ್ಗುತ್ತದೆ. ಸಮುದ್ರ ತೀರಕ್ಕೆ ಸರಿ. ಕಂಬದ ಸಾಲಿರುವ ನಮ್ಮ ಬೀದಿಗೆ ಅದನ್ನು ತಂದವರ ಪಾಡು ನೋಡಿದ್ದೇನೆ, ನಾನಂತೂ ಶಿಫಾರಸು ಮಾಡುವುದಿಲ್ಲ.

ಲೈನಿಗೆ ಎಷ್ಟು ದೂರದಲ್ಲಿ ನಿಲ್ಲಬೇಕು ಅಂತ ಕೇಳಿದರೆ ಮೇಷ್ಟ್ರು ಬಲಗೈ ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ಹೈಸ್ಕೂಲಿನಲ್ಲಿ ಕಲಿತ ನಿಯಮ: ಹೆಬ್ಬೆರಳು ವಿದ್ಯುತ್ತಿನ ದಿಕ್ಕಾದರೆ ಮಡಿಸಿದ ಬೆರಳುಗಳು ಕಾಂತಕ್ಷೇತ್ರದ ದಿಕ್ಕು. ಒಂದೇ ತಂತಿಯಾದರೆ ಅದರ ನೇರ ಕೆಳಗೆ ಕ್ಷೇತ್ರ ನೆಲಕ್ಕೆ ಸಮನಾಗಿ ಮಲಗಿರುತ್ತದೆ, ಕಾಯಿಲನ್ನು ತೂರಿಹೋಗುವುದಿಲ್ಲ. ಪಕ್ಕಕ್ಕೆ ಸರಿದಂತೆ ತೂರತೊಡಗುತ್ತದೆ. ಆದರೆ ನಮ್ಮ ಲೈನುಗಳಲ್ಲಿ ಮೂರು ತಂತಿ. ಮೂರರ ಕ್ಷೇತ್ರಗಳು ಒಂದನ್ನೊಂದು ಬಹುಪಾಲು ಅಳಿಸಿಬಿಡುತ್ತವೆ. ಉಳಿದದ್ದರ ದಿಕ್ಕು ತಂತಿಗಳನ್ನು ಅಡ್ಡಕ್ಕೆ ಕಟ್ಟಿದ್ದಾರೋ ಒಂದರ ಕೆಳಗೊಂದು ಕಟ್ಟಿದ್ದಾರೋ ಅನ್ನುವುದರ ಮೇಲೆ. ಹಾಗಾಗಿ ಲೆಕ್ಕ ಹಾಕುತ್ತಾ ಕೂರುವುದಕ್ಕಿಂತ ನಡೆದು ನೋಡುವುದೇ ಮೇಲು. ಒಂದು ಸಮಾಧಾನವಿದೆ: ಸಮತೋಲದ ಮೂರು ತಂತಿಯ ಲೈನಿನಿಂದ ದೂರ ಎರಡು ಪಟ್ಟಾದರೆ ಕ್ಷೇತ್ರ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. 20 ಹೆಜ್ಜೆಯಲ್ಲಿ ಲೋಕವೇ ಬದಲಾದಂತೆ ಅನ್ನಿಸುವುದು ಇದಕ್ಕೇ. ದೊಡ್ಡ ಟವರ್ ಲೈನಿಗೆ ಇನ್ನೂ ದೂರ ಬೇಕು. ನಿಯಮದಂತೆ 66 ಕೆ.ವಿ.ಗೆ 18 ಮೀಟರ್, 220 ಕೆ.ವಿ.ಗೆ 35 ಮೀಟರ್ ಅಗಲದ ದಾರಿ ಬಿಟ್ಟಿರುತ್ತಾರೆ. ಆ ದಾರಿಯೊಳಗಂತೂ ಸೂಕ್ಷ್ಮ ಹುಡುಕಾಟದ ಆಸೆ ಬಿಡಿ.

ವೈಟ್‌ಫೀಲ್ಡ್ ಸ್ಟೇಷನ್ ಹತ್ತಿರ ಕತೆಯೇ ಬೇರೆ. ರೈಲಿನ ತಂತಿ 25 ಕೆ.ವಿ., ಆದರೆ ಒಂಟಿ ತಂತಿ. ವಿದ್ಯುತ್ ಹೋಗುವುದು ಮೇಲಿನ ತಂತಿಯಲ್ಲಿ, ಬಹುಪಾಲು ಮರಳುವುದು ಹಳಿ ಮತ್ತು ನೆಲದ ಮೂಲಕ. ಅಳಿಸಲು ಜೊತೆಗಾರರಿಲ್ಲದ ಕಾರಣ ಅದರ ಸದ್ದು ಬಹಳ ದೂರ ಹೋಗುತ್ತದೆ, ರೈಲು ಬಂದಾಗ ಏರಿ, ಹೋದಾಗ ಇಳಿಯುತ್ತದೆ. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿಗೆ ಬಂದ ನಮ್ಮ ಮೆಟ್ರೊದ್ದು 750 ವೋಲ್ಟ್ ಡಿ.ಸಿ., ಮೂರನೇ ಹಳಿಯಲ್ಲಿ. ಡಿ.ಸಿ. ಅಂದಮಾತ್ರಕ್ಕೆ ಮೌನವಲ್ಲ. ರೈಲು ಹೊರಡುವಾಗ, ನಿಲ್ಲುವಾಗ ಕರೆಂಟು ಏರಿಳಿದು ಯಂತ್ರ ನರಳುತ್ತದೆ. ಎರಡು ರೈಲುಗಳ ನಡುವೆ ಹುಡುಕಿ.

ತಂತಿಯನ್ನೇ ದೂರಿ ಬೇರೆ ಕಳ್ಳರನ್ನು ಬಿಟ್ಟುಬಿಡುವುದೂ ಉಂಟು. ಸದ್ದಿನ ಹೊತ್ತನ್ನು ಗಮನಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಸಂಜೆ ಬೀದಿದೀಪ ಹತ್ತಿದ ಕೂಡಲೇ ಶುರುವಾದರೆ ಎಲ್ಇಡಿ ದೀಪ. ಬಿಸಿಲು ಬಂದಾಗ ಶುರುವಾಗಿ ಮೋಡಕ್ಕೆ ತಗ್ಗಿದರೆ ಪಕ್ಕದ ಮಹಡಿಯ ಸೋಲಾರ್ ಇನ್ವರ್ಟರ್. ಸೆಕೆಂಡಿಗೊಂದರಂತೆ ಟಕ್, ಟಕ್ ಅಂದರೆ ಯಾರದೋ ತೋಟದ ಝಟ್ಕಾ ಬೇಲಿ. ಬಿಟ್ಟು ಬಿಟ್ಟು ಕರ್ರೆಂದರೆ ಹತ್ತಿರದ ಗ್ರಿಲ್ ಅಂಗಡಿಯ ವೆಲ್ಡಿಂಗು. ಪತ್ತೆಗೆ ಒಂದು ಹಳೆಯ ಮೀಡಿಯಂ ವೇವ್ ರೇಡಿಯೊ ಇದ್ದರೆ ಚಿನ್ನದಂಥ ಉಪಕರಣ. ಆಕಾಶವಾಣಿ ಬೆಂಗಳೂರಿನ 612ರಿಂದ ಪಕ್ಕಕ್ಕೆ ಸರಿಸಿ, ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ಮುಳ್ಳು ತಂದು, ದನಿ ಜೋರು ಮಾಡಿ ನಡೆಯಿರಿ. ಗೊರಗೊರ ಎಲ್ಲಿ ಹೆಚ್ಚೋ ಅಲ್ಲೇ ಮೂಲ. ಒಂದೇ ಕಂಬದ ಬುಡದಲ್ಲಿ ವಿಪರೀತ ಚಿಟಪಟ ಕೇಳಿದರೆ ಅದು ಕೆಟ್ಟ ಇನ್ಸುಲೇಟರಿನದೂ ಆಗಿರಬಹುದು. ಕಂಬದ ನಂಬರ್ ಬರೆದುಕೊಂಡು ವಿದ್ಯುತ್ ಕಂಪನಿ ಬೆಸ್ಕಾಂಗೆ ತಿಳಿಸಿ, ಬರೀ ನಿಮ್ಮ ಹವ್ಯಾಸಕ್ಕಲ್ಲ, ಬೀದಿಗೇ ಉಪಕಾರ.

ಕರೆಂಟ್ ಹೋದ ಹೊತ್ತು ಡಿಟೆಕ್ಟರಿಗೆ ಶುಭ ಮುಹೂರ್ತ ಅಂತ ನಮ್ಮ ಮನೆಯಲ್ಲಿ ಈಗ ತಮಾಷೆ. ಬೆಸ್ಕಾಂ ವಿದ್ಯುತ್ ವ್ಯತ್ಯಯದ ಪ್ರಕಟಣೆ ಹೊರಡಿಸಿದರೆ ಊರೆಲ್ಲ ಗೊಣಗುವಾಗ ನಾನು ಬ್ಯಾಟರಿ ಚಾರ್ಜಿಗೆ ಹಾಕುತ್ತೇನೆ. ದೊಡ್ಡ ಅಪಾರ್ಟ್‌ಮೆಂಟಿನ ಪಕ್ಕ ಈ ಉಪಾಯ ನಡೆಯುವುದಿಲ್ಲ, ನಿಮಿಷದೊಳಗೆ ಜನರೇಟರ್ ಎದ್ದು ಕೂರುತ್ತದೆ. ಟವರ್ ಲೈನಿಗೂ ಊರಿನ ಕರೆಂಟ್ ಹೋದದ್ದಕ್ಕೂ ಸಂಬಂಧವಿಲ್ಲ. ಇನ್ನೊಂದು ಉಪಾಯ ಬೆಳಗಿನ ಜಾವ: ಬೀದಿದೀಪ ಆರಿದ ಮೇಲೆ, ಆಫೀಸು ಶುರುವಾಗುವ ಮೊದಲು, ಭಾನುವಾರವಾದರೆ ಇನ್ನೂ ಚೆನ್ನ.

ಇದೇ ಕಾಯಿಲೆ ಐಟಿ ಪಾರ್ಕಿನ ಗೇಟಿನಲ್ಲಿರುವ ಚೌಕಟ್ಟಿನ ಡಿಟೆಕ್ಟರಿಗೂ ಉಂಟು. ಯಾರೂ ಹಾದುಹೋಗದೆಯೇ ಅದು ಬಡಿದುಕೊಳ್ಳುವುದನ್ನು ನೋಡಿರುತ್ತೀರಿ. ಸೆಕ್ಯೂರಿಟಿಯವರು ಕೊನೆಗೆ ಅದನ್ನು ಲಕ್ಷಿಸುವುದನ್ನೇ ಬಿಡುತ್ತಾರೆ, ಅಪಾಯ ಇರುವುದು ಅಲ್ಲೇ. ಚೌಕಟ್ಟನ್ನು ವಿದ್ಯುತ್ ಪ್ಯಾನೆಲ್, ಲಿಫ್ಟು, ಮೋಟಾರಿನ ಶಟರಿನಿಂದ ದೂರ ಇಡಬೇಕು. ಅಕ್ಕಪಕ್ಕ ಎರಡು ಚೌಕಟ್ಟುಗಳಿದ್ದರೆ ಅವನ್ನು ಒಂದಕ್ಕೊಂದು ತಾಳ ಹೊಂದಿಸಬೇಕು, ಇಲ್ಲವಾದರೆ ಒಂದರ ದನಿಗೆ ಇನ್ನೊಂದು ಬೆಚ್ಚುತ್ತದೆ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಮುರಿದ ಸೂಜಿ ಹುಡುಕುವ ಯಂತ್ರಕ್ಕೂ ಇದೇ ಮಾತು ಅನ್ವಯ.

ಕೊನೆಗೆ, ಉಂಗುರಕ್ಕಿಂತ ಮುಖ್ಯವಾದದ್ದು. ಹೊರ ಬೆಂಗಳೂರಿನಲ್ಲಿ ತಂತಿ ತಲೆಯ ಮೇಲೆ ಮಾತ್ರ ಇಲ್ಲ, ಕಾಲಡಿಯಲ್ಲೂ ಇದೆ. ಈಚಿನ ವರ್ಷಗಳಲ್ಲಿ 11 ಕೆ.ವಿ. ಲೈನುಗಳನ್ನೂ ಕೇಬಲ್ ಮಾಡಿ ನೆಲಕ್ಕೆ ಇಳಿಸಿದ್ದಾರೆ. ಡಿಟೆಕ್ಟರ್ ಒಂದು ಜಾಗದಲ್ಲಿ ಕೂಗಿ, ಎರಡು ಹೆಜ್ಜೆ ಮುಂದೆಯೂ ಅದೇ ದನಿಯಲ್ಲಿ ಕೂಗಿ, ನೇರ ಗೆರೆಯಲ್ಲಿ ಸಾಗುತ್ತಿದ್ದರೆ ಅದು ಪೈಪು ಇಲ್ಲವೇ ಕೇಬಲ್. ಅಲ್ಲಿ ಹಾರೆ ಹಾಕಬೇಡಿ. ದೊಡ್ಡದಾಗಿ ಅಗೆಯುವವರಿಗೆಂದೇ ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ನಮ್ಮ ಹುಡುಕಾಟಕ್ಕೆ ಅಷ್ಟೆಲ್ಲ ಬೇಕಿಲ್ಲ, ಮರದ ಹಿಡಿಯ ಕುರ್ಪಿ, ಒಂದು ಗೇಣಿಗಿಂತ ಆಳ ಹೋಗದ ಗುಂಡಿ, ತೆಗೆದದ್ದನ್ನು ಮುಚ್ಚುವ ಅಭ್ಯಾಸ ಸಾಕು. ಟಿಸಿಯ ಬೇಲಿಯೊಳಗೆ, ಕಂಬದ ಗೈ ವೈರಿನ ಬುಡದಲ್ಲಿ, ಅರ್ಥಿಂಗ್ ಗುಂಡಿಯ ಪಕ್ಕ ಕಾಯಿಲ್ ಹಾಕುವುದೇ ಬೇಡ. ಡಿಟೆಕ್ಟರಿನ ಕೋಲನ್ನು ಎಂದೂ ತಲೆಗಿಂತ ಮೇಲೆ ಎತ್ತಬೇಡಿ, ಹೊಸ ಲೇಔಟುಗಳಲ್ಲಿ ಮಣ್ಣು ತುಂಬಿ ನೆಲ ಎತ್ತರಿಸಿದ ಕಡೆ ತಂತಿ ಅಂದುಕೊಂಡದ್ದಕ್ಕಿಂತ ಕೆಳಗಿರುತ್ತದೆ. ಕರೆಂಟ್ ಹೋಗಿದೆ ಅಂತ ಯಾವ ತಂತಿಯನ್ನೂ ಸತ್ತದ್ದೆಂದು ನಂಬಬೇಡಿ, ಜನರೇಟರಿನಿಂದಲೋ ಇನ್ನೊಂದು ಫೀಡರಿನಿಂದಲೋ ಮರುಕ್ಷಣ ಜೀವ ಬರಬಹುದು. ಗುಡುಗು ಕೇಳಿದರೆ ಯಂತ್ರ ಮಡಿಸಿ ಮನೆಗೆ ಬನ್ನಿ.

2023ರ ನವೆಂಬರ್ 19ರ ನಸುಕಿನಲ್ಲಿ ಕಾಡುಗೋಡಿ ಬಳಿಯ ಹೋಪ್ ಫಾರ್ಮ್ ವೃತ್ತದಲ್ಲಿ ತುಂಡಾಗಿ ಬಿದ್ದಿದ್ದ 11 ಕೆ.ವಿ. ತಂತಿಯನ್ನು ತುಳಿದು ತಾಯಿ ಮತ್ತು ಹಸುಗೂಸು ತೀರಿಕೊಂಡರು. ನಮ್ಮೂರಿನಿಂದ ಕೆಲವೇ ಕಿಲೋಮೀಟರ್ ದೂರ. ನೆಲ ನೋಡುತ್ತಾ ನಡೆಯುವ ನಾವು ಇಂಥದ್ದನ್ನು ಎಲ್ಲರಿಗಿಂತ ಮೊದಲು ಕಾಣುವ ಸಾಧ್ಯತೆಯಿದೆ. ಕಂಡರೆ ಹತ್ತಿರ ಹೋಗಬೇಡಿ, ಸುತ್ತಲಿನ ಒದ್ದೆ ನೆಲವನ್ನೂ ಮೆಟ್ಟಬೇಡಿ. ಕಾಲು ಜೋಡಿಸಿ ಪುಟ್ಟ ಹೆಜ್ಜೆಯಿಟ್ಟು ಹಿಂದೆ ಸರಿದು, ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬರುವವರೆಗೆ ಬೇರೆ ಯಾರೂ ಆ ಕಡೆ ಹೋಗದಂತೆ ನೋಡಿಕೊಳ್ಳಿ.